ಉಸಿರು ಬಿಡಲೂ ಪುರುಸೊತ್ತಿಲ್ಲದವರಿಗೆ ನಿರಾಳದ ದಾರಿ ಯಾವುದು?

ರಾತ್ರಿಪಾಳಿ (ಬನಶಂಕರಿ)

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 17 ವರ್ಷಗಳಿಂದ ಕೆಲಸದಲ್ಲಿದ್ದೇನೆ. ವಾರದ ಐದೂ ದಿನ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಅಮೆರಿಕದವರೊಂದಿಗೆ ಮೀಟಿಂಗ್ ಇರುತ್ತದೆ. ಅದು ಮುಗಿದ ಮೇಲೂ ತಲೆ ಮಾತ್ರ ಮೀಟಿಂಗಿನಲ್ಲೇ ಕುಳಿತಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾದರೆ ದವಡೆ ಕಚ್ಚಿಕೊಂಡಿರುತ್ತದೆ, ಕತ್ತು ಹಿಡಿದಿರುತ್ತದೆ. ಮನೆಯಲ್ಲಿ ದೊಡ್ಡ ತೊಂದರೆ ಏನೂ ಇಲ್ಲ. ಸಾಲ ಇದೆ, ಆದರೆ ತೀರಿಸಲಾಗದ್ದಲ್ಲ. ಹಾಗಿದ್ದೂ ಕಳೆದ ವಾರ ಮಗಳು ಒಂದು ಲೆಕ್ಕವನ್ನು ಎರಡನೆಯ ಸಲ ಕೇಳಿದಳೆಂಬ ಕಾರಣಕ್ಕೆ ರೇಗಿಬಿಟ್ಟೆ. ಅವಳ ಮುಖ ನೋಡಿದ ಮೇಲೆ ಈ ಪ್ರಶ್ನೆಯನ್ನು ಇಲ್ಲಿ ಕೇಳಲೇಬೇಕೆನಿಸಿತು.

ಪ್ರಯತ್ನ ಮಾಡಿಲ್ಲವೆಂದಲ್ಲ. ಊರಾಚೆಯ ಒಂದು ಕಡೆ ಎರಡು ದಿನದ ಶಿಬಿರಕ್ಕೆ ಹೋಗಿ ಬಂದೆ. ಸೋಮವಾರ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆ ದಾಟುವಷ್ಟರಲ್ಲಿ ಅದರ ಫಲ ಕರಗಿತು. ಧ್ಯಾನದ ಆ್ಯಪ್ ಹಾಕಿಕೊಂಡೆ. ಅದು ಸತತ ಎಷ್ಟು ದಿನ ಮಾಡಿದ್ದೀರಿ ಎಂದು ಲೆಕ್ಕ ಇಡುತ್ತದೆ; 23ನೇ ದಿನ ತಪ್ಪಿಹೋಗಿ ಸೊನ್ನೆಗೆ ಬಂದಾಗ ನನಗಾದ ಸಿಟ್ಟನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಕೈಗಡಿಯಾರ ನನ್ನ ಒತ್ತಡಕ್ಕೆ ಅಂಕ ಕೊಡುತ್ತದೆ, ಆ ಅಂಕ ನೋಡಿ ಒತ್ತಡ ಇನ್ನಷ್ಟು ಏರುತ್ತದೆ. ಒಟ್ಟಿನಲ್ಲಿ ವಿಶ್ರಾಂತಿಯೇ ನನಗೆ ಇನ್ನೊಂದು ಡೆಡ್‌ಲೈನ್ ಆಗಿದೆ.

ಕೇಳಿ ತಿಳಿದದ್ದನ್ನಲ್ಲ, ನೀವೇ ತಿಂಗಳುಗಟ್ಟಲೆ ಮಾಡಿ ನೋಡಿದ ಮೃದುವಾದ ಅಭ್ಯಾಸಗಳಿದ್ದರೆ ದಯವಿಟ್ಟು ತಿಳಿಸಿ.

ನಿವೃತ್ತ ಶುಶ್ರೂಷಕಿ (ಮಲ್ಲೇಶ್ವರ)

ರಾತ್ರಿಪಾಳಿ ಅವರೇ, ಅಭ್ಯಾಸದ ಮಾತಿಗೆ ಮುಂಚೆ ಒಂದು ಸಲ ನಿಮ್ಮ ವೈದ್ಯರಲ್ಲಿಗೆ ಹೋಗಿ ಬಿ.ಪಿ., ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದ್ದರೂ ಎದೆ ಡವಗುಟ್ಟುತ್ತದೆ, ನಿದ್ದೆ ಕೆಡುತ್ತದೆ, ಸಿಡುಕು ಬರುತ್ತದೆ. ಅದನ್ನು ಪ್ರಾಣಾಯಾಮದಿಂದ ಸರಿಪಡಿಸಲು ಹೊರಟವರನ್ನು ನನ್ನ ವೃತ್ತಿಯಲ್ಲಿ ಸಾಕಷ್ಟು ಕಂಡಿದ್ದೇನೆ.

ಇನ್ನು ದೇಹದಲ್ಲಿ ನಡೆಯುವುದೇನು ಎಂಬ ಬಗ್ಗೆ. ಅಪಾಯ ಎದುರಾದಾಗ ಶರೀರ ಹೋರಾಡಲು ಇಲ್ಲವೇ ಓಡಲು ಅಣಿಯಾಗುತ್ತದೆಂದು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಕಳೆದ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟರು. ಅಪಾಯ ದೂರವಾಗದೆ ಹಾಗೆಯೇ ಮುಂದುವರಿದರೆ ಶರೀರ ಮೊದಲು ಒಗ್ಗಿಕೊಳ್ಳುತ್ತದೆ, ಆಮೇಲೆ ಸೋಲುತ್ತದೆ ಎಂಬುದನ್ನು ವಿಜ್ಞಾನಿ ಹಾನ್ಸ್ ಸೆಲಿಯೆ 1936ರಲ್ಲಿ ವಿವರಿಸಿದರು. ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸಹಜವಾಗಿ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ಮೇಲೇರಿ, ದಿನವಿಡೀ ಇಳಿಯುತ್ತಾ ನಡುರಾತ್ರಿಯ ಸುಮಾರಿಗೆ ತೀರ ಕಡಿಮೆಯಾಗಬೇಕು. ಹನ್ನೊಂದು ಗಂಟೆಯವರೆಗೆ ದೀಪದ ಬೆಳಕಿನಲ್ಲಿ ವಾದ ಮಾಡಿದವರ ಶರೀರಕ್ಕೆ ಆ ಇಳಿಜಾರು ಹೇಗೆ ಸಿಗಬೇಕು?

ನಾನು ರೋಗಿಗಳಿಗೆ ಹೇಳಿಕೊಡುತ್ತಿದ್ದದ್ದು, ಈಗ 66ರಲ್ಲಿ ನಾನೇ ಮಾಡುವುದು, ಸ್ನಾಯುಗಳನ್ನು ಒಂದೊಂದಾಗಿ ಬಿಗಿಹಿಡಿದು ಬಿಡುವ ಕ್ರಮ. ಷಿಕಾಗೊದ ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯರು ರೂಪಿಸಿದ ಕ್ರಮ ಇದು; 1929ರಲ್ಲಿ ಇದರ ಬಗ್ಗೆ ಪುಸ್ತಕವನ್ನೂ ಬರೆದರು. ಮಲಗಿ, ಪಾದದ ಬೆರಳುಗಳನ್ನು ಐದರಿಂದ ಏಳು ಸೆಕೆಂಡ್ ಬಿಗಿಮಾಡಿ, ಥಟ್ಟನೆ ಬಿಟ್ಟು, ಅರ್ಧ ನಿಮಿಷ ಆ ಬಿಟ್ಟ ಭಾವವನ್ನು ಗಮನಿಸಬೇಕು. ಅನಂತರ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ಕೊನೆಗೆ ದವಡೆ ಮತ್ತು ಹಣೆ. ಬಿಗಿ ಹಿಡಿಯುವುದು ಮುಖ್ಯವಲ್ಲ. ಬಿಗಿ ಎಂದರೆ ಹೇಗಿರುತ್ತದೆಂದು ಮರೆತಿರುವ ಶರೀರಕ್ಕೆ ವ್ಯತ್ಯಾಸವನ್ನು ಮತ್ತೆ ಪರಿಚಯಿಸುವುದೇ ಮುಖ್ಯ. ನಿಮ್ಮ ದವಡೆ ಇಡೀ ದಿನ ಕಚ್ಚಿಕೊಂಡೇ ಇರುತ್ತದೆ, ನಿಮಗೆ ತಿಳಿಯುವುದು ನಾಲ್ಕು ಗಂಟೆಗೆ ಮಾತ್ರ. ಸ್ನಾಯು ಸೆಳೆತ, ಡಿಸ್ಕ್ ತೊಂದರೆ, ಹಿಡಿತಕ್ಕೆ ಬಾರದ ರಕ್ತದೊತ್ತಡ ಇರುವವರು ಬಿಗಿ ಹಿಡಿಯದೆ ಬರಿದೇ ಸಡಿಲಿಸುತ್ತಾ ಹೋದರೂ ಸಾಕು.

ಇನ್ನೊಂದು ಮಾತು. ನೀವು ಕೊಟ್ಟ ಶೀರ್ಷಿಕೆ ನನಗೆ ಬಹಳ ಹಿಡಿಸಿತು. ಉಸಿರು "ಬಿಡಲು" ಪುರುಸೊತ್ತಿಲ್ಲ ಎನ್ನುತ್ತೇವೆಯೇ ಹೊರತು "ಎಳೆದುಕೊಳ್ಳಲು" ಪುರುಸೊತ್ತಿಲ್ಲ ಎನ್ನುವುದಿಲ್ಲ. ಉಸಿರೆಳೆದಾಗ ಹೃದಯದ ಬಡಿತ ತುಸು ವೇಗವಾಗುತ್ತದೆ, ಬಿಟ್ಟಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವ ಹೆಚ್ಚಿ ನಿಧಾನವಾಗುತ್ತದೆ. ಆದ್ದರಿಂದ ಬಿಡುವುದು ಎಳೆಯುವುದಕ್ಕಿಂತ ಉದ್ದವಾಗಿರಲಿ. ನಮ್ಮ ಹಿರಿಯರು ನಿಟ್ಟುಸಿರು ಎಂದದ್ದು ಇದನ್ನೇ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಬೇಕೆಂದೇ ನಿಟ್ಟುಸಿರು ಬಿಟ್ಟವರ ಮನಸ್ಸು, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು.

ಎರಡನೆಯ ಅಭಿಪ್ರಾಯ (ಇಂದಿರಾನಗರ)

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಚ್ಚರಿಕೆಯ ಒಂದು ಮಾತು ಸೇರಿಸಬೇಕು. ಇಂಥ ಅಧ್ಯಯನಗಳಲ್ಲಿ ತಾನು ಯಾವ ಗುಂಪಿನಲ್ಲಿದ್ದೇನೆಂಬುದು ಭಾಗವಹಿಸಿದವರಿಗೆ ಗೊತ್ತೇ ಇರುತ್ತದೆ, ಮಾತ್ರೆಯಂತೆ ಮರೆಮಾಚಲು ಬರುವುದಿಲ್ಲ. ಆದ್ದರಿಂದ ನಿರೀಕ್ಷೆಯ ಪಾಲನ್ನು ಬೇರ್ಪಡಿಸುವುದು ಕಷ್ಟ.

ಅದಕ್ಕಿಂತ ಮುಖ್ಯವಾದದ್ದು ಬೇರೆಯಿದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಕೆಲಸದಿಂದ ಬರುವ ಬಳಲಿಕೆಯನ್ನು ರೋಗವೆಂದು ಕರೆಯಲಿಲ್ಲ, ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದ ಫಲವೆಂದು ಗುರುತಿಸಿತು. ಅಂದರೆ ತೊಂದರೆಯ ಬೇರು ರಾತ್ರಿ ಒಂಬತ್ತರ ಮೀಟಿಂಗಿನಲ್ಲಿದೆ, ನಿಮ್ಮ ಉಸಿರಿನಲ್ಲಿ ಅಲ್ಲ. ಮನೆಯ ನಲ್ಲಿ ಸೋರುತ್ತಿರುವಾಗ ನೆಲ ಒರೆಸುವುದನ್ನು ಎಷ್ಟು ಚೆನ್ನಾಗಿ ಕಲಿತರೂ ಪ್ರಯೋಜನವೇನು? ಐದು ಮೀಟಿಂಗುಗಳಲ್ಲಿ ಎಷ್ಟಕ್ಕೆ ನಿಮ್ಮ ಹಾಜರಿ ನಿಜವಾಗಿ ಅಗತ್ಯ ಎಂದು ಯಾರನ್ನಾದರೂ ಕೇಳಿದ್ದೀರಾ?

ಯೋಗದ ವಿದ್ಯಾರ್ಥಿ (ಬನ್ನೇರುಘಟ್ಟ ರಸ್ತೆ)

ನೆಲ ಒರೆಸದೆ ಬಿಟ್ಟರೆ ಜಾರಿ ಬೀಳುವವರೂ ನಾವೇ ಅಲ್ಲವೇ ಸರ್? ಎರಡೂ ಆಗಬೇಕು.

ಓಡುತ್ತಿರುವ ಮನಸ್ಸನ್ನು ಒಮ್ಮೆಲೇ ನಿಲ್ಲಿಸಲು ಹೋಗಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಜಿಗಣಿಯ ಪ್ರಶಾಂತಿ ಕುಟೀರವೆಂಬ ಯೋಗಕೇಂದ್ರದಲ್ಲಿ, ಯೋಗಗುರು ಎಚ್.ಆರ್. ನಾಗೇಂದ್ರ ಅವರ ಮಾರ್ಗದರ್ಶನದಲ್ಲಿ ಬೆಳೆದ ಆವರ್ತನ ಧ್ಯಾನ ಎಂಬ ಕ್ರಮವಿದೆ. ಮಾಂಡೂಕ್ಯ ಉಪನಿಷತ್ತಿನ ಮೇಲೆ ಗೌಡಪಾದರು ಬರೆದ ಕಾರಿಕೆಯಲ್ಲಿ ಬರುವ ಒಂದು ಸೂಚನೆಯೇ ಅದರ ಆಧಾರ: ಮನಸ್ಸು ಜಡವಾದಾಗ ಎಬ್ಬಿಸು, ಚದುರಿದಾಗ ಶಮನಗೊಳಿಸು. ನಿಂತು ಅರ್ಧಕಟಿ ಚಕ್ರಾಸನ, ಪಾದಹಸ್ತಾಸನ, ಅರ್ಧಚಕ್ರಾಸನ, ಕುಳಿತು ಶಶಾಂಕಾಸನ, ಉಷ್ಟ್ರಾಸನ, ನಡುನಡುವೆ ವಿಶ್ರಾಂತಿ, ಕೊನೆಯಲ್ಲಿ ದೀರ್ಘವಾಗಿ ಅಂಗಾತ ಮಲಗುವುದು. ಎಲ್ಲವನ್ನೂ ಕಣ್ಣು ಮುಚ್ಚಿ, ಗಡಿಯಾರದ ಮುಳ್ಳಿನಷ್ಟು ನಿಧಾನವಾಗಿ ಮಾಡಬೇಕು. ಕೆಲಸದಿಂದ ನೇರವಾಗಿ ಬಂದವರಿಗೆ ಬರೀ ಕುಳಿತು ಮಾಡುವ ಧ್ಯಾನಕ್ಕಿಂತ ಇದು ಸುಲಭ, ಏಕೆಂದರೆ ಚಡಪಡಿಕೆಗೂ ಇಲ್ಲಿ ಮಾಡಲು ಏನಾದರೂ ಇರುತ್ತದೆ.

ಶವಾಸನವನ್ನು ತರಗತಿಯ ಕೊನೆಯ ಐದು ನಿಮಿಷದ ಬಿಡುವೆಂದು ತಿಳಿಯಬೇಡಿ. ಮುಂಬಯಿಯ ಹೃದ್ರೋಗ ತಜ್ಞ ಕೆ.ಕೆ. ದಾತೆ ಮತ್ತು ಸಂಗಡಿಗರು ಅಧಿಕ ರಕ್ತದೊತ್ತಡದ ರೋಗಿಗಳಿಗೆ ಶವಾಸನ ಕಲಿಸಿ ಬಂದ ಫಲಿತಾಂಶವನ್ನು 1969ರಲ್ಲೇ ಪ್ರಕಟಿಸಿದ್ದರು. ಎಚ್ಚರಿಕೆಯ ಮಾತು: ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರು ತಲೆ ತಗ್ಗಿಸುವ ಪಾದಹಸ್ತಾಸನವನ್ನು ಬಿಡಬೇಕು. ಬಿ.ಪಿ. ಇರುವವರು, ಗರ್ಭಿಣಿಯರು ಉಸಿರು ಕಟ್ಟುವ ಕುಂಭಕಕ್ಕೂ ರಭಸದ ಕಪಾಲಭಾತಿಗೂ ಕೈಹಾಕಬಾರದು.

ಚಾಮರಾಜಪೇಟೆಯ ಸೊಸೆ

ಆಫೀಸಿಗೆ ಹೋಗುವವರಿಗೆ ಮೀಟಿಂಗ್ ಹನ್ನೊಂದಕ್ಕಾದರೂ ಮುಗಿಯುತ್ತದೆ. ನನ್ನ ಅತ್ತೆಯವರಿಗೆ ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆ. ಊಟ ಮಾಡಿ ಹತ್ತು ನಿಮಿಷಕ್ಕೆ "ಈ ಮನೆಯಲ್ಲಿ ನನಗೆ ಊಟ ಹಾಕುವವರಿಲ್ಲ" ಎಂದು ಬೀದಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಅವರನ್ನು ಬಿಟ್ಟು ಜಿಗಣಿಗಾಗಲಿ, ಪಕ್ಕದ ಬೀದಿಯ ಯೋಗ ತರಗತಿಗಾಗಲಿ ಹೋಗುವ ಹಾಗಿಲ್ಲ. ಆದ್ದರಿಂದ ನನ್ನ ಅಭ್ಯಾಸಗಳೆಲ್ಲ ಅಡುಗೆಮನೆ ಮತ್ತು ಬಚ್ಚಲುಮನೆಯಲ್ಲೇ ಹುಟ್ಟಿದವು. ಇಲ್ಲಿ ಬರೆಯಲು ಸ್ವಲ್ಪ ಸಂಕೋಚವೇ ಆಗುತ್ತಿದೆ.

ಕುಕ್ಕರ್ ಮೂರನೆಯ ಸಲ ಕೂಗಿದ ಮೇಲೆ ಒಲೆ ಆರಿಸುತ್ತೇನಲ್ಲ, ಅದರ ಪ್ರೆಷರ್ ತಾನಾಗಿ ಇಳಿಯಲು ಹತ್ತು ನಿಮಿಷ ಬೇಕು. ಮೊದಲೆಲ್ಲ ಆ ಹೊತ್ತಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಈಗ ಅಡುಗೆಮನೆಯ ಸ್ಟೂಲ್ ಮೇಲೆ ಕುಳಿತು ಭುಜ ಇಳಿಬಿಟ್ಟು ಬರಿದೇ ಉಸಿರು ಬಿಡುತ್ತೇನೆ. ಲೆಕ್ಕ ಹಾಕುವುದಿಲ್ಲ, ಕುಕ್ಕರಿನ ಮುಚ್ಚಳ ಸಡಿಲವಾದಾಗ ನಾನೂ ಏಳುತ್ತೇನೆ. ಅಲಾರಂ ಇಟ್ಟು ಮಾಡಿದ ಯಾವ ಅಭ್ಯಾಸವೂ ನನ್ನಲ್ಲಿ ಹದಿನೈದು ದಿನ ಉಳಿಯಲಿಲ್ಲ, ಇದು ಎರಡು ವರ್ಷದಿಂದ ಉಳಿದಿದೆ. ಅನ್ನ ಮಾಡದ ದಿನ ಇಲ್ಲವಲ್ಲ!

ಭಾನುವಾರ ಎಣ್ಣೆಸ್ನಾನ. ದೀಪಾವಳಿಗೆ ಮಾತ್ರ ಉಳಿದಿದ್ದ ಪದ್ಧತಿಯನ್ನು ವಾರಕ್ಕೊಮ್ಮೆ ತಂದುಕೊಂಡೆ. ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ನೆತ್ತಿಗೆ, ಕಿವಿಯ ಹಿಂಭಾಗಕ್ಕೆ, ಅಂಗಾಲಿಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಸೀಗೆಪುಡಿ ಹಾಕಿ ಮೀಯುತ್ತೇನೆ. ಅತ್ತೆಯವರಿಗೂ ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕುತ್ತೇನೆ. ಅವರಿಗೆ ನಾನು ಯಾರೆಂಬುದು ಕೆಲವು ದಿನ ತಿಳಿಯುವುದಿಲ್ಲ, ಆದರೆ ಎಣ್ಣೆಯ ಕೈ ತಗಲಿದ ಕೂಡಲೇ ಕಾಲು ಚಾಚುತ್ತಾರೆ. ಆ ಹದಿನೈದು ನಿಮಿಷದಲ್ಲಿ ನನ್ನ ಕೈಬೆರಳುಗಳೂ ಬೆಚ್ಚಗಾಗುತ್ತವೆ, ನನ್ನ ಸಿಟ್ಟೂ ಇಳಿಯುತ್ತದೆ. (ಎಣ್ಣೆಯ ಕಾಲಿನಲ್ಲಿ ಅವರನ್ನು ನಡೆಸಬಾರದು. ಒರೆಸಿ, ಕಾಲುಚೀಲ ಹಾಕಿಯೇ ಬಿಡುತ್ತೇನೆ. ಒಮ್ಮೆ ಜಾರಿ ಪಾಠ ಕಲಿತಿದ್ದೇವೆ.)

ಮೂರನೆಯದು ಗುನುಗುವುದು. ಹಾಡಲು ಬರುವುದಿಲ್ಲ, ದೇವರನಾಮಗಳನ್ನು ಬಾಯಿ ಮುಚ್ಚಿ ಗುನುಗುತ್ತೇನೆ. ಇದಕ್ಕೆ ವಿಜ್ಞಾನದ ಸಮರ್ಥನೆ ಇದೆಯೇ ಎಂಬುದು ನನಗೆ ತಿಳಿಯದು.

ಎರಡನೆಯ ಅಭಿಪ್ರಾಯ

ಇದೆ, ಅಮ್ಮಾ. ಬಾಯಿ ಮುಚ್ಚಿ ಗುನುಗಿದಾಗ ಮೂಗಿನ ಕುಹರಗಳಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುಮ್ಮನೆ ಉಸಿರು ಬಿಡುವಾಗಿನದಕ್ಕಿಂತ ಸುಮಾರು 15 ಪಟ್ಟು ಹೆಚ್ಚುತ್ತದೆಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಅಳೆದು ತೋರಿಸಿದ್ದಾರೆ. ಅದರಿಂದ ಮನಸ್ಸು ಶಾಂತವಾಗುತ್ತದೆಂದು ಅರ್ಥವಲ್ಲ, ಅಷ್ಟನ್ನು ಅವರು ಹೇಳಿಯೂ ಇಲ್ಲ. ಆದರೆ ಗುನುಗುವವರು ಉಸಿರನ್ನು ಉದ್ದವಾಗಿಯೇ ಬಿಡಬೇಕಾಗುತ್ತದೆ, ಅಲ್ಲಿ ಕೆಲಸ ಆಗುತ್ತದೆ. ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ "ಓಂ ಮಣಿ ಪದ್ಮೇ ಹೂಂ" ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಹೃದಯದ ಬಡಿತ, ರಕ್ತದೊತ್ತಡ ಇವುಗಳ ಏರಿಳಿತ ಒಂದಕ್ಕೊಂದು ಹೊಂದಿಕೊಳ್ಳುವ ವೇಗವೂ ಅದೇ.

ಸ್ನಾನದ ವಿಷಯದಲ್ಲಿಯೂ ಒಂದು ಮಾತು. ಮಲಗುವ ಒಂದೆರಡು ಗಂಟೆ ಮುಂಚೆ 40ರಿಂದ 42 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚನೆಯ ನೀರಿನಲ್ಲಿ ಮಿಂದರೆ ನಿದ್ದೆ ಬೇಗ ಬರುತ್ತದೆಂದು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಚರ್ಮಕ್ಕೆ ರಕ್ತ ಹರಿದು ಒಳಗಿನ ಶಾಖ ಹೊರಹೋಗುವುದೇ ಅದರ ಗುಟ್ಟು. ಸೀಗೆಕಾಯಿಯ ಬಗ್ಗೆ ನನ್ನ ಬಳಿ ಮಾಹಿತಿಯಿಲ್ಲ, ಅಜ್ಜಿ ಹಚ್ಚುವಾಗ ಕಣ್ಣು ಉರಿದ ನೆನಪು ಮಾತ್ರ ಇದೆ.

ಹೊಸ ಸದಸ್ಯ (ವಿಜಯನಗರ)

ಇಷ್ಟೆಲ್ಲ ಏಕೆ? ರಾತ್ರಿ ಹಾಲಿನಲ್ಲಿ ಒಂದು ಚಮಚ ಅಶ್ವಗಂಧ ಹಾಕಿ ಕುಡಿಯಿರಿ. ಗಿಡಮೂಲಿಕೆ, ಯಾವ ಅಡ್ಡ ಪರಿಣಾಮವೂ ಇಲ್ಲ. ಬೇಕಾದವರಿಗೆ ನಾನೇ ತರಿಸಿಕೊಡುತ್ತೇನೆ.

ನಿವೃತ್ತ ಶುಶ್ರೂಷಕಿ

ಅಡ್ಡ ಪರಿಣಾಮವೇ ಇಲ್ಲದ ಔಷಧಿಗೆ ಪರಿಣಾಮವೂ ಇರುವುದಿಲ್ಲ. ಅಶ್ವಗಂಧ ಒತ್ತಡವನ್ನು ತಗ್ಗಿಸಬಹುದೆಂದು ಸೂಚಿಸುವ ಸಣ್ಣ ಅಧ್ಯಯನಗಳಿವೆ, ಅಲ್ಲಗಳೆಯುವುದಿಲ್ಲ. ಆದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ನಿದ್ದೆಮಾತ್ರೆಯ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ, ಗರ್ಭಿಣಿಯರಿಗೆ ಸಲ್ಲದು, ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದದ್ದೂ ವರದಿಯಾಗಿದೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿದೆ. ಆಯುರ್ವೇದ ವೈದ್ಯರು ನಾಡಿ ನೋಡಿ ಕೊಟ್ಟರೆ ಅದು ಬೇರೆ ಮಾತು.

ನಿರ್ವಾಹಕರು

ಇಲ್ಲಿ ಮಾರಾಟ ಬೇಡ. ಹಾಗೆಯೇ, ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದಂತಾಗಿರುವವರು, ಬದುಕು ಸಾಕೆನಿಸುತ್ತಿರುವವರು ಅಭ್ಯಾಸಗಳನ್ನು ಹುಡುಕುತ್ತಾ ಕಾಲ ಕಳೆಯಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದೆಂದರೆ ಮುಖ ಮುಚ್ಚಿಕೊಳ್ಳಬೇಕಾದ ಸಂಗತಿಯೇನೂ ಅಲ್ಲ.

ಸಾಲುಮರ (ಜಯನಗರ)

ನಾನು ಮಾಡುವುದು ಒಂದೇ, ಲಾಲ್‌ಬಾಗಿನಲ್ಲಿ ನಿಧಾನವಾಗಿ ನಡೆಯುವುದು. ವಾಕಿಂಗ್ ಎನ್ನಲಾರೆ, ಏಕೆಂದರೆ ಕೈ ಬೀಸಿಕೊಂಡು ಹೋಗುವವರೆಲ್ಲ ನನ್ನನ್ನು ಹಿಂದೆ ಹಾಕುತ್ತಾರೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಈಗ 240 ಎಕರೆಯಷ್ಟಿದೆ. ಅಷ್ಟನ್ನೂ ಸುತ್ತಬೇಕೆಂಬ ಹಟ ನನಗಿಲ್ಲ. 300 ಕೋಟಿ ವರ್ಷ ಹಳೆಯದೆನ್ನುವ ಬಂಡೆಯ ಮೇಲೆ ಹತ್ತು ನಿಮಿಷ ಕುಳಿತು, ನಾಳೆಯ ಜಿಎಸ್‌ಟಿ ರಿಟರ್ನ್‌ನ ಬಗ್ಗೆ ಯೋಚಿಸಲು ಪ್ರಯತ್ನಿಸುತ್ತೇನೆ, ಆಗುವುದಿಲ್ಲ. ಜಪಾನಿನವರು 1982ರಲ್ಲಿ ಇದಕ್ಕೆ ಅರಣ್ಯಸ್ನಾನವೆಂದು ಹೆಸರಿಟ್ಟರಂತೆ. ಲಾಲ್‌ಬಾಗ್ ದೂರವಾದವರಿಗೆ ಬಡಾವಣೆಯ ಪಾರ್ಕಿನ ಹೊಂಗೆಮರವೂ ಆಗುತ್ತದೆ. ಫೋನು ಮನೆಯಲ್ಲಿರಲಿ, ಹೆಜ್ಜೆ ಎಣಿಸುವುದು ಬೇಡ.

ರಾತ್ರಿಪಾಳಿ (ಆರು ವಾರಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಏನಾಯಿತೆಂದು ಇದ್ದಂತೆಯೇ ಹೇಳುತ್ತೇನೆ.

ಥೈರಾಯ್ಡ್ ಸರಿಯಿದೆ. ಬಿ.ಪಿ. 146/94 ಬಂತು, ಒಂದು ವಾರ ಮನೆಯಲ್ಲಿ ಅಳೆದು ತರಲು ವೈದ್ಯರು ಹೇಳಿದರು, ಈಗ ಅವರ ನಿಗಾದಲ್ಲಿದ್ದೇನೆ. ಶವಾಸನ ನನಗೆ ಒಗ್ಗಲಿಲ್ಲ. ಮೊದಲ ದಿನವೇ ಕಣ್ಣು ಮುಚ್ಚಿ ಮಲಗಿದ ಎರಡು ನಿಮಿಷಕ್ಕೆ ಎದೆ ಹೊಡೆದುಕೊಳ್ಳತೊಡಗಿತು, ಯಾವುದೋ ಕೆಲಸ ಬಿಟ್ಟು ಮಲಗಿದ್ದೇನೆಂಬ ಗಾಬರಿಯಲ್ಲಿ ಎದ್ದು ಕುಳಿತೆ. ಸ್ನಾಯು ಬಿಗಿಹಿಡಿದು ಬಿಡುವ ಕ್ರಮ ಮಾತ್ರ ಕೈಹಿಡಿಯಿತು, ಅದರಲ್ಲೂ ದವಡೆ ಮತ್ತು ಭುಜ. ಆಫೀಸಿನ ಕ್ಯಾಬು ಸಿಲ್ಕ್ ಬೋರ್ಡಿನಲ್ಲಿ ನಿಂತಾಗ ಮಾಡುತ್ತೇನೆ. 2023ರಲ್ಲಿ ನಮ್ಮ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 28 ನಿಮಿಷ ಬೇಕೆಂದು ವಾಹನ ಸಂಚಾರ ಅಳೆಯುವ ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿತ್ತು. ಅಭ್ಯಾಸಕ್ಕೆ ಸಮಯವಿಲ್ಲವೆಂದು ಇನ್ನು ಮೇಲೆ ನಾನು ಹೇಳುವಂತಿಲ್ಲ.

ಎರಡನೆಯ ಅಭಿಪ್ರಾಯದವರ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಮ್ಯಾನೇಜರನ್ನು ಕೇಳಿದೆ. ಮಂಗಳವಾರ ಮತ್ತು ಗುರುವಾರದ ಮೀಟಿಂಗಿಗೆ ನಾನು ಬೇಕಾಗಿಯೇ ಇರಲಿಲ್ಲವಂತೆ. ಹೇಗೂ ಬರುತ್ತೀರಲ್ಲ ಎಂದು ಸುಮ್ಮನಿದ್ದರಂತೆ! ಆ ಎರಡು ರಾತ್ರಿ ಬೆಚ್ಚನೆಯ ನೀರಿನಲ್ಲಿ ಮಿಂದು ಹತ್ತೂವರೆಗೆ ಮಲಗುತ್ತೇನೆ. ನಾಲ್ಕು ಗಂಟೆಗೆ ಈಗಲೂ ಎಚ್ಚರವಾಗುತ್ತದೆ, ವಾರದಲ್ಲಿ ಎರಡು ಮೂರು ಸಲ ಮಾತ್ರ. ಆ್ಯಪ್ ತೆಗೆದುಹಾಕಿದ್ದೇನೆ. ಕೈಗಡಿಯಾರ ಇನ್ನೂ ಇದೆ, ಅದರ ಅಂಕವನ್ನು ದಿನಕ್ಕೊಮ್ಮೆಯಾದರೂ ಕದ್ದು ನೋಡುತ್ತೇನೆ.

ಎರಡನೆಯ ಅಭಿಪ್ರಾಯ

ಶವಾಸನದಲ್ಲಿ ಗಾಬರಿಯಾದದ್ದು ನಿಮ್ಮ ತಪ್ಪಲ್ಲ. ಸಡಿಲಗೊಳ್ಳುವಾಗಲೇ ಆತಂಕ ಹೆಚ್ಚುವ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞರು 1980ರ ದಶಕದಿಂದಲೂ ಬಲ್ಲರು. ಸದಾ ಕಾವಲು ನಿಂತವನಿಗೆ ಕೂಡಲೇ ಕುಳಿತುಕೋ ಎಂದರೆ ಅವನಿಗೆ ಭಯವೇ ಆಗುತ್ತದೆ. ಕಣ್ಣು ತೆರೆದುಕೊಂಡು, ಕುಳಿತು, ಒಂದೆರಡು ನಿಮಿಷದಿಂದ ಶುರು ಮಾಡಿ.

ಯೋಗದ ವಿದ್ಯಾರ್ಥಿ

ಹೌದು, ನಾನು ಅದನ್ನು ಮೊದಲೇ ಹೇಳಬೇಕಿತ್ತು. ಗೋಡೆಗೆ ಒರಗಿಯೂ ಮಾಡಬಹುದು.

ಓದುಗರೊಬ್ಬರು (ಯಲಹಂಕ)

ಎಲ್ಲರ ಬರಹವನ್ನೂ ಓದಿದೆ. ನನ್ನ ತಾಯಿಗೆ 72 ವರ್ಷ, ತಂದೆಯವರು ಹೋದ ಮೇಲೆ ಬಹಳ ಕಂಗೆಟ್ಟಿದ್ದಾರೆ. ಮಂಡಿನೋವಿನಿಂದ ನೆಲಕ್ಕೆ ಇಳಿಯಲಾರರು, ಅಂಗಾತ ಮಲಗಿದರೆ ಕೆಮ್ಮು ಬರುತ್ತದೆ. ಅವರಿಗೆ ಇವುಗಳಲ್ಲಿ ಯಾವುದಾದರೂ ಆಗುತ್ತದೆಯೇ?

ನಿವೃತ್ತ ಶುಶ್ರೂಷಕಿ

ಮಲಗಿದರೆ ಬರುವ ಕೆಮ್ಮನ್ನು ಮೊದಲು ವೈದ್ಯರಿಗೆ ತೋರಿಸಿ, ಹೃದಯ ಅಥವಾ ಹೊಟ್ಟೆಯ ಆಮ್ಲ ಅದಕ್ಕೆ ಕಾರಣವಿರಬಹುದು. ಆಮೇಲೆ ಕೈಗಳಿರುವ ಕುರ್ಚಿಯಲ್ಲಿ ಕೂರಿಸಿ. ಬೆನ್ನಿಗೆ ದಿಂಬು, ಪಾದದ ಕೆಳಗೆ ಮಣೆ. ಮೊದಲ ವಾರ ಮುಷ್ಟಿಯೊಂದೇ ಸಾಕು: ಮೆಲ್ಲಗೆ ಹಿಡಿಯಲಿ, ಬಿಡಲಿ, ಬಿಡುವಾಗ ಉಸಿರನ್ನೂ ಬಿಡಲಿ. ಅಮ್ಮನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ನೀವೂ ಕೂತು ಮಾಡಿ. ನಡುವೆ ಅವರು ತಂದೆಯವರ ಮಾತೆತ್ತಿದರೆ ಮುಷ್ಟಿಯ ವಿಷಯ ಅಲ್ಲಿಗೇ ಬಿಟ್ಟು, ಅವರು ಹೇಳುವುದನ್ನು ಕೇಳಿಸಿಕೊಳ್ಳಿ.